ಪ್ಯಾಕೆಟ್‌ನಲ್ಲಿರೋ ಜೀವಾಣು ಕೆಲಸ ಮಾಡಿತಾ? ಆರು ಗುಂಟೆಯ ಪರೀಕ್ಷೆ

"ಜೀವಾಣು ಗೊಬ್ಬರ ಹಾಕಿದ್ವಿ, ಈ ಸಲ ಬೆಳೆ ಚೆನ್ನಾಗಿ ಬಂತು" ಅಂತ ರೈತರು ಹೇಳಿದರೆ ನಾವು ಖುಷಿಯಿಂದ ತಲೆಯಾಡಿಸುತ್ತೇವೆ. ಆದರೆ ಈ ಸಲ ಮಳೆಯೂ ಚೆನ್ನಾಗಿತ್ತು ಅಲ್ವಾ? ಬೆಳೆ ಬಂದದ್ದು ಯಾವುದರಿಂದ? ಲ್ಯಾಬ್‌ನಲ್ಲಿ ನಾವು ಒಂದು ಸಲಕ್ಕೆ ಒಂದೇ ವೇರಿಯಬಲ್ ಬದಲಿಸುತ್ತೇವೆ. ಸಣ್ಣ ಹಿಡುವಳಿಯ ಹೊಲದಲ್ಲೂ ಅದು ಸಾಧ್ಯ. ಸೋಯಾ ಅವರೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಹೊಲದಿಂದ ಹೊಲಕ್ಕೆ ಉತ್ತರ ಬೇರೆ ಯಾಕೆ?

ದ್ವಿದಳ ಗಿಡದ ಬೇರಿನಲ್ಲಿ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾ ಗಂಟು ಕಟ್ಟಿ, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಆದರೆ ಎಲ್ಲ ಬ್ಯಾಕ್ಟೀರಿಯಾ ಎಲ್ಲ ಗಿಡಕ್ಕೂ ಹೊಂದಲ್ಲ. ಸೋಯಾ ಅವರೆಗೆ ಮುಖ್ಯವಾಗಿ ಬ್ರಾಡಿರೈಜೋಬಿಯಂ ಬೇಕು. ಬೀದರ್, ಬೆಳಗಾವಿ, ಧಾರವಾಡದ ಕಡೆ ಸೋಯಾ ಈಗ ಪರಿಚಿತ ಬೆಳೆ. ವರ್ಷಗಳಿಂದ ಸೋಯಾ ಬೆಳೆದ ಹೊಲದಲ್ಲಿ ಈ ಬ್ಯಾಕ್ಟೀರಿಯಾ ಆಗಲೇ ಮನೆ ಮಾಡಿಕೊಂಡಿರಬಹುದು. ಅಲ್ಲಿ ಪ್ಯಾಕೆಟ್ ಹಾಕಿದರೂ ಹೆಚ್ಚೇನೂ ಬದಲಾಗದೇ ಇರಬಹುದು. ಮೊದಲ ಸಲ ಬಿತ್ತುವ ಹೊಲದಲ್ಲಿ ಅದೇ ಪ್ಯಾಕೆಟ್ ದೊಡ್ಡ ವ್ಯತ್ಯಾಸ ತರಬಹುದು. ಹಾಗಾಗಿ ಪಕ್ಕದ ಊರಿನ ಉತ್ತರ ನಮ್ಮ ಹೊಲಕ್ಕೆ ಸಾಲದು.

ಮೂರು ಮಡಿ, ನಾಲ್ಕು ಬ್ಲಾಕ್

ಪ್ರತಿ ಬ್ಲಾಕ್‌ನಲ್ಲಿ ಮೂರು ಮಡಿ:
1. ಏನೂ ಲೇಪಿಸದ ಬೀಜ.
2. ಜೀವಾಣು ಸತ್ತ ಪುಡಿ ಲೇಪಿಸಿದ ಬೀಜ. ಪುಡಿಯನ್ನು ಪ್ರೆಶರ್ ಕುಕ್ಕರ್‌ನಲ್ಲಿ ಅರ್ಧ ಗಂಟೆ, ಮರುದಿನ ಮತ್ತೊಮ್ಮೆ ಅರ್ಧ ಗಂಟೆ ಬೇಯಿಸಿ ಆರಿಸಬೇಕು.
3. ಜೀವಂತ ಪುಡಿ ಲೇಪಿಸಿದ ಬೀಜ.

ಎರಡನೆಯದು ಯಾಕಪ್ಪಾ ಅಂದ್ರೆ, ಪುಡಿಯನ್ನು ಬೀಜಕ್ಕೆ ಅಂಟಿಸಲು ಬೆಲ್ಲದ ಪಾಕ ಬಳಸುತ್ತಾರೆ. ಪಾಕದ್ದೋ ಪುಡಿಯದ್ದೋ ಪರಿಣಾಮವನ್ನು ಜೀವಾಣುವಿನ ಲೆಕ್ಕಕ್ಕೆ ಬರೆಯಬಾರದು. ಮೂರನೆಯದಕ್ಕೂ ಎರಡನೆಯದಕ್ಕೂ ಇರುವ ವ್ಯತ್ಯಾಸವೇ ಜೀವಾಣುವಿನ ಪಾಲು.

ಒಂದು ಮಡಿ 5 ಮೀಟರ್ ಅಗಲ, 10 ಮೀಟರ್ ಉದ್ದ ಇರಲಿ. 12 ಮಡಿಗೆ 600 ಚದರ ಮೀಟರ್, ಅಂದರೆ ಸುಮಾರು ಆರು ಗುಂಟೆ. ನಡುವೆ ಬಿಡುವ ಜಾಗ ಬೇರೆ. ಇಳಿಜಾರಿದ್ದರೆ ಒಂದು ಬ್ಲಾಕ್‌ನ ಮೂರೂ ಮಡಿ ಒಂದೇ ಮಟ್ಟದಲ್ಲಿರಬೇಕು. ಯಾವ ಮಡಿಗೆ ಯಾವುದು ಅಂತ ಚೀಟಿ ಎತ್ತಿ ತೀರ್ಮಾನಿಸಿ. ನಾವೇ ಆರಿಸಿದರೆ ಗೊತ್ತಿಲ್ಲದೇ ಒಳ್ಳೆ ಜಾಗವನ್ನು ಪ್ಯಾಕೆಟ್‌ಗೆ ಕೊಟ್ಟುಬಿಡುತ್ತೇವೆ.

ಬಿತ್ತುವ ದಿನ

ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪುಡಿ ರೂಪದ ರೈಜೋಬಿಯಂ ಗೊಬ್ಬರದಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿ ಜೀವಕೋಶ ಇರಬೇಕು. ಬಿಸಿಲಿನಲ್ಲಿ ಬಿದ್ದಿದ್ದ ಪ್ಯಾಕೆಟ್‌ನಲ್ಲಿ ಅಷ್ಟು ಉಳಿದಿರಲ್ಲ. ಅವಧಿ ನೋಡಿ ಕೊಳ್ಳಿ, ತಂಪಾದ ಕಡೆ ಇಡಿ, ಲೇಪಿಸಿದ ಬೀಜವನ್ನು ನೆರಳಲ್ಲಿ ಒಣಗಿಸಿ ಅದೇ ದಿನ ಬಿತ್ತಿ.

ಬಿತ್ತುವ ಕ್ರಮವೂ ಮುಖ್ಯ: ಮೊದಲು ಲೇಪವಿಲ್ಲದ ಬೀಜ, ಆಮೇಲೆ ಸತ್ತ ಪುಡಿಯದ್ದು, ಕೊನೆಗೆ ಜೀವಂತದ್ದು. ಇಲ್ಲದಿದ್ದರೆ ಕೂರಿಗೆ ಮತ್ತು ಕೈಯೇ ಜೀವಾಣುವನ್ನು ಉಳಿದ ಮಡಿಗಳಿಗೆ ಹಂಚುತ್ತವೆ. ಬೇರೆ ಗೊಬ್ಬರ, ನೀರು, ಕಳೆ ತೆಗೆಯೋದು ಎಲ್ಲ ಮಡಿಗೂ ಒಂದೇ ಥರ. ಯೂರಿಯಾ ಹೆಚ್ಚು ಕೊಟ್ಟರೆ ಬೇರುಗಂಟು ಕಡಿಮೆಯಾಗುತ್ತದೆ ಅನ್ನೋದು ನೆನಪಿರಲಿ.

ಬೇರು ನೋಡಿ, ತೂಕ ಮಾಡಿ

ಹೂ ಬಿಡುವ ಹೊತ್ತಿಗೆ ಪ್ರತಿ ಮಡಿಯ ಒಂದು ತುದಿಯಿಂದ ಐದು ಗಿಡ ಅಗೆದು ತೆಗೆಯಿರಿ. ಕಿತ್ತರೆ ಗಂಟು ಮಣ್ಣಲ್ಲೇ ಉಳಿಯುತ್ತದೆ. ಗಂಟು ಎಣಿಸಿ, ಕೆಲವನ್ನು ಕತ್ತರಿಸಿ ನೋಡಿ. ಒಳಗೆ ಗುಲಾಬಿ ಬಣ್ಣವಿದ್ದರೆ ಗಂಟು ಕೆಲಸ ಮಾಡುತ್ತಿದೆ ಎಂದರ್ಥ; ಆ ಬಣ್ಣ ಲೆಗ್‌ಹಿಮೋಗ್ಲೋಬಿನ್‌ನದ್ದು. ಕೊಯ್ಲಿನಲ್ಲಿ ಅಂಚಿನ ಸಾಲು ಮತ್ತು ಗಿಡ ಅಗೆದ ತುದಿ ಬಿಟ್ಟು, ಎಲ್ಲ ಮಡಿಯಲ್ಲೂ ಒಂದೇ ಅಳತೆಯ ಜಾಗದ ಕಾಳನ್ನು ಒಣಗಿಸಿ ತೂಗಿ.

ಈಗ ಲೆಕ್ಕ. ಅಭ್ಯಾಸಕ್ಕೆ ನಾವೇ ಇಟ್ಟುಕೊಂಡ ಅಂಕಿ: ನಾಲ್ಕು ಬ್ಲಾಕ್‌ಗಳಲ್ಲಿ ಜೀವಂತ ಮತ್ತು ಸತ್ತ ಪುಡಿಯ ಮಡಿಗಳ ವ್ಯತ್ಯಾಸ +3, −1, +4, +2 ಕಿಲೋ. ಸರಾಸರಿ 2 ಕಿಲೋ. "ಗೆದ್ವಿ!" ಅನ್ನಬೇಡಿ. ಸ್ಟ್ಯಾಂಡರ್ಡ್ ಡೀವಿಯೇಶನ್ 2.16, ಅದನ್ನು 4ರ ವರ್ಗಮೂಲದಿಂದ ಭಾಗಿಸಿದರೆ 1.08, ಟಿ ಮೌಲ್ಯ 1.85. ಮೂರು ಡಿಗ್ರಿ ಆಫ್ ಫ್ರೀಡಮ್‌ಗೆ, 5 ಶೇಕಡಾ ಮಟ್ಟದಲ್ಲಿ 3.18 ದಾಟಬೇಕಿತ್ತು. ಹಾಗಂತ ಪ್ಯಾಕೆಟ್ ಸುಳ್ಳು ಅಂತಲ್ಲ. ಇನ್ನೂ ಗೊತ್ತಾಗಿಲ್ಲ ಅಂತಷ್ಟೇ. ಇನ್ನೊಂದು ಹಂಗಾಮು, ಇಲ್ಲವೇ ಇನ್ನಷ್ಟು ಬ್ಲಾಕ್ ಬೇಕು.

ಮೊದಲೇ ಆಡಬೇಕಾದ ಮಾತು

ಪ್ರಾಜೆಕ್ಟ್ ರಿಪೋರ್ಟ್ ನಮ್ಮದು, ಹೊಲ ರೈತರದ್ದು. ಎಂಟು ಮಡಿಗೆ ಜೀವಂತ ಪುಡಿ ಹಾಕದೇ ಇದ್ದರೆ ಇಳುವರಿ ಕಡಿಮೆಯಾಗಬಹುದು. ಆ ನಷ್ಟ ಯಾರು ತುಂಬಿಕೊಡಬೇಕು ಅನ್ನೋದನ್ನು ಬಿತ್ತುವ ಮೊದಲೇ ಮಾತಾಡಿಕೊಳ್ಳಬೇಕು. ತೂಕ ಮಾಡುವಾಗ ಮನೆಯವರೂ ಜೊತೆಗಿರಲಿ. ವ್ಯತ್ಯಾಸ ಕಾಣದೇ ಹೋದರೂ ಅದನ್ನು ಹಾಗೇ ಹೇಳಬೇಕು. ಮುಂದಿನ ಹಂಗಾಮಿಗೆ ದುಡ್ಡು ಯಾವುದಕ್ಕೆ ಹಾಕಬೇಕು ಅಂತ ತೀರ್ಮಾನಿಸುವವರು ಅವರು.