ಬೆಂಗಳೂರೋ ಪುಣೆಯೋ: ಮಗುವಿನ ಜೊತೆ ಊರು ಬದಲಿಸುವ ಮುನ್ನ

ಬೆಳಗಾವಿಯ ವಿಚ್ಛೇದಿತ ತಾಯಿಯೊಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮೂರನೇ ತರಗತಿಯ ಮಗ ಅವರ ಬಳಿಯೇ ಇದ್ದಾನೆ. ಕೈಯಲ್ಲಿ ಎರಡು ಆಫರ್ ಲೆಟರ್, ಒಂದು ಬೆಂಗಳೂರಿನದು, ಇನ್ನೊಂದು ಪುಣೆಯದು. ಸಂಬಳ ಹೆಚ್ಚುಕಡಿಮೆ ಒಂದೇ. ಬೆಂಗಳೂರು ಸುಮಾರು 500 ಕಿ.ಮೀ., ಪುಣೆ 350. ಹತ್ತಿರದ ಊರಿನ ಕಡೆ ಮನಸ್ಸು ವಾಲುವುದು ಸಹಜ. ಆದರೆ ಕೋರ್ಟು, ಶಾಲೆ, ಮೀಸಲಾತಿ ಯಾವುದೂ ಕಿಲೋಮೀಟರ್ ನೋಡುವುದಿಲ್ಲ, ಗಡಿ ನೋಡುತ್ತವೆ.

ಮೊದಲು ಡಿಕ್ರಿಯ ಪ್ರತಿಯನ್ನು ತೆಗೆದು ಓದಿ. ಪರಸ್ಪರ ಒಪ್ಪಿಗೆಯ ವಿಚ್ಛೇದನವಾದರೂ ಅದರಲ್ಲಿ ಮಗುವಿನ ಸುಪರ್ದಿ ಮತ್ತು ಭೇಟಿಯ ಷರತ್ತುಗಳು ಸಾಮಾನ್ಯವಾಗಿ ಇರುತ್ತವೆ. ‘ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಗು ತಂದೆಯ ಬಳಿ ಇರತಕ್ಕದ್ದು’ ಎಂಬ ಒಂದು ಸಾಲು ಇದ್ದರೆ, ಊರು ಬಿಟ್ಟ ಮೊದಲ ತಿಂಗಳಲ್ಲೇ ನೀವು ಆದೇಶ ಮುರಿದವರಾಗುತ್ತೀರಿ. ಅದನ್ನೇ ಹಿಡಿದು ಎದುರು ಪಕ್ಷದವರು ಸುಪರ್ದಿ ಬದಲಿಸಿ ಎಂದು ಅರ್ಜಿ ಹಾಕಬಹುದು. ಇನ್ನು ನ್ಯಾಯಾಲಯವೇ ನಿಮ್ಮನ್ನು ಪಾಲಕರೆಂದು ನೇಮಿಸಿದ್ದರೆ, 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯ 26ನೇ ಕಲಂ ಪ್ರಕಾರ ಅನುಮತಿಯಿಲ್ಲದೆ ಮಗುವನ್ನು ಆ ನ್ಯಾಯಾಲಯದ ವ್ಯಾಪ್ತಿಯಿಂದ ಹೊರಗೆ ಕರೆದೊಯ್ಯುವಂತಿಲ್ಲ. ಹೊರರಾಜ್ಯಕ್ಕೆ ಹೋದರೆ ಮಾತ್ರ ಅನುಮತಿ ಬೇಕು ಎಂದು ಬಹಳ ಜನ ತಿಳಿದಿದ್ದಾರೆ. ಬೆಳಗಾವಿಯ ಕೋರ್ಟಿಗೆ ಬೆಂಗಳೂರೂ ಹೊರಗಿನದೇ.

ಹಾಗಂತ ಹೆದರಬೇಕಿಲ್ಲ. ಸುಪರ್ದಿಯ ಆದೇಶ ಕಲ್ಲಿನ ಶಾಸನವಲ್ಲ, ಪರಿಸ್ಥಿತಿ ಬದಲಾದರೆ ಅದನ್ನೂ ಬದಲಿಸಬಹುದು. ವಿಕ್ರಮ್ ವೀರ್ ವೋಹ್ರಾ ಪ್ರಕರಣದಲ್ಲಿ (2010) ಆಸ್ಟ್ರೇಲಿಯಾದಲ್ಲಿ ಕೆಲಸ ಸಿಕ್ಕ ತಾಯಿ ಮಗನನ್ನು ಕರೆದೊಯ್ಯಲು ಅನುಮತಿ ಕೇಳಿದ್ದರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಹುಡುಗನನ್ನು ತಮ್ಮ ಕೊಠಡಿಗೆ ಕರೆಸಿ, ತಂದೆತಾಯಿ ಇಬ್ಬರನ್ನೂ ಹೊರಗಿಟ್ಟು ಮಾತನಾಡಿಸಿದರು. ಮಗು ಬೇಕೋ ಉದ್ಯೋಗ ಬೇಕೋ ಎಂಬ ಇಕ್ಕಟ್ಟಿಗೆ ತಾಯಿಯನ್ನು ತಳ್ಳಲಾಗದು ಎಂದು ಹೇಳಿ, ಅನುಮತಿಯನ್ನು ಎತ್ತಿಹಿಡಿದರು. ಸಮುದ್ರ ದಾಟಲು ಸಿಕ್ಕ ಒಪ್ಪಿಗೆ ಪುಣೆಗೆ ಸಿಗದಿರಲು ಕಾರಣವಿಲ್ಲ. ಆದರೆ ಕೇಳಿ ಹೋಗಬೇಕು, ಹೋಗಿ ಕೇಳುವುದಲ್ಲ.

ಅರ್ಜಿಯ ಜೊತೆ ಬರೀ ಆಫರ್ ಲೆಟರ್ ಲಗತ್ತಿಸಿದರೆ ಸಾಲದು. ಶಾಲೆ ಯಾವುದು, ಮನೆ ಎಲ್ಲಿ, ಮೂರು ಗಂಟೆಗೆ ಶಾಲೆ ಬಿಟ್ಟ ಮೇಲೆ ನೀವು ಬರುವವರೆಗೆ ಮಗು ಯಾರ ಬಳಿ ಇರುತ್ತದೆ, ಇವೆಲ್ಲ ಅಫಿಡವಿಟ್‌ನಲ್ಲಿ ಬರಲಿ. ಭಾನುವಾರಗಳ ಬದಲು ದಸರಾ ಮತ್ತು ಬೇಸಿಗೆ ರಜೆಯ ಇಷ್ಟು ದಿನ ತಂದೆಯ ಬಳಿ, ವಾರಕ್ಕೆ ಇಷ್ಟು ವಿಡಿಯೊ ಕರೆ ಎಂದು ನೀವೇ ಪರ್ಯಾಯ ಕೊಡಿ. ದೂರವಿರುವ ಪೋಷಕರಿಗೆ ಫೋನು, ವಿಡಿಯೊ ಕರೆಯ ಮೂಲಕ ಮಗುವಿನ ಸಂಪರ್ಕ ಸಿಗಬೇಕೆಂದು ಸುಪ್ರೀಂ ಕೋರ್ಟ್ 2020ರ ಯಶಿತಾ ಸಾಹು ಪ್ರಕರಣದಲ್ಲಿ ಹೇಳಿದೆ. ಪುಣೆಗೆ ಒಂದು ಅನುಕೂಲ ಇರುವುದು ಇಲ್ಲೇ: ದಾರಿ ಚಿಕ್ಕದಾದ್ದರಿಂದ ಬೆಳಗಾವಿಯ ತಂದೆ ಮಗನನ್ನು ನೋಡಿ ಬರುವುದು ಸುಲಭ.

ಆದರೆ ವ್ಯಾಜ್ಯ ಇನ್ನೂ ನಡೆಯುತ್ತಿದ್ದರೆ ಲೆಕ್ಕ ತಿರುಗುತ್ತದೆ. ಬೆಳಗಾವಿಯ ಪ್ರಕರಣವನ್ನು ಬೆಂಗಳೂರಿಗೆ ವರ್ಗಾಯಿಸಲು ಹೈಕೋರ್ಟಿಗೆ ಹೋದರೆ ಸಾಕು (ಸಿವಿಲ್ ಪ್ರಕ್ರಿಯಾ ಸಂಹಿತೆ, 24ನೇ ಕಲಂ). ಪುಣೆಗೆ ವರ್ಗಾಯಿಸಬೇಕಾದರೆ 25ನೇ ಕಲಂ ಹಿಡಿದು ಸುಪ್ರೀಂ ಕೋರ್ಟಿಗೇ ಹೋಗಬೇಕು. ಅಲ್ಲಿ ಹೆಣ್ಣುಮಕ್ಕಳ ತೊಂದರೆಯನ್ನು ಗಮನಿಸುತ್ತಾರೆ, ನಿಜ. ಆದರೆ ವರ್ಗಾವಣೆ ಖಚಿತವೇನಲ್ಲ, ವಕೀಲರ ಖರ್ಚೂ ದೆಹಲಿಯದು. ಅಲ್ಲಿಯವರೆಗೆ ತಾರೀಖು ತಾರೀಖಿಗೆ ಬೆಳಗಾವಿಗೆ ಓಡಾಟ.

ಶಾಲೆಯ ವಿಷಯ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ ಎಂಟನೇ ತರಗತಿಯವರೆಗಿನ ಮಗು ಹೊರರಾಜ್ಯಕ್ಕೆ ಹೋದರೂ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆ ಕೇಳಬಹುದು. ಮುಖ್ಯೋಪಾಧ್ಯಾಯರು ಟಿ.ಸಿ.ಯನ್ನು ಕೂಡಲೇ ಕೊಡಬೇಕು. ಟಿ.ಸಿ. ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಅನುದಾನರಹಿತ ಖಾಸಗಿ ಶಾಲೆಗೆ ಈ ವರ್ಗಾವಣೆಯ ಹಕ್ಕು ಅನ್ವಯಿಸುವುದಿಲ್ಲ. ಮಹಾರಾಷ್ಟ್ರದ ಶಾಲೆಗಳಲ್ಲಿ 2020ರ ಕಾಯ್ದೆಯಂತೆ ಮರಾಠಿ ಕಲಿಕೆ ಕಡ್ಡಾಯ. ಬೆಳಗಾವಿಯ ಹುಡುಗನ ಕಿವಿಗೆ ಮರಾಠಿ ಹೊಸದಲ್ಲ, ಪರೀಕ್ಷೆಯಲ್ಲಿ ಬರೆಯುವುದು ಬೇರೆ ಮಾತು.

ಮೂರನೇ ತರಗತಿಯಲ್ಲೇ ಸಿಇಟಿ ಚಿಂತೆ ಅತಿ ಎನಿಸಬಹುದು. ಆದರೂ ಕೇಳಿ. ಕರ್ನಾಟಕದ ಅಭ್ಯರ್ಥಿ ಎನಿಸಿಕೊಳ್ಳುವ ಮುಖ್ಯ ದಾರಿ, ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಒಟ್ಟು ಏಳು ವರ್ಷ ರಾಜ್ಯದಲ್ಲಿ ಓದಿರುವುದು. ನಾಲ್ಕರಿಂದ ಹತ್ತರವರೆಗೆ ಪುಣೆಯಲ್ಲಿ ಓದಿ ಪಿಯುಸಿಗೆ ಮರಳಿದ ಹುಡುಗನಿಗೆ ಆಗುವುದು ಐದೇ ವರ್ಷ. ತಾಯಿ ಕರ್ನಾಟಕದಲ್ಲಿ ಓದಿದವರಾದರೆ ಬೇರೆ ಕಲಂ ನೆರವಿಗೆ ಬರಬಹುದು, ಹಾಗಾಗಿ ನಿಮ್ಮ ಹಳೆಯ ವ್ಯಾಸಂಗ ಪ್ರಮಾಣಪತ್ರವನ್ನು ಜೋಪಾನವಾಗಿಡಿ. ಜಾತಿ ಪ್ರಮಾಣಪತ್ರದ ಕತೆಯೂ ಇಂಥದ್ದೇ. ಪರಿಶಿಷ್ಟರಿಗೆ ಮೂಲ ರಾಜ್ಯದಲ್ಲಿರುವ ಮೀಸಲಾತಿ ವಲಸೆ ಹೋದ ರಾಜ್ಯದಲ್ಲಿ ತಾನಾಗಿಯೇ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ.

ಜೀವನಾಂಶದ ಚಿಂತೆ ಬೇಡ. ಊರು ಬಿಟ್ಟ ಮಾತ್ರಕ್ಕೆ ಆದೇಶ ಬಿದ್ದುಹೋಗುವುದಿಲ್ಲ, ನಿಮಗೆ ಸಂಬಳ ಬರುತ್ತದೆಂದು ಮಗುವಿನ ಪಾಲೂ ರದ್ದಾಗುವುದಿಲ್ಲ. ಹೊಸದಾಗಿ ಕೇಳುವುದಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂನಡಿ ನೀವು ವಾಸಿಸುವ ಊರಿನಲ್ಲೇ ಅರ್ಜಿ ಹಾಕಬಹುದು. ಮಗು ಚಿಕ್ಕದಿದ್ದರೆ ಕಂಪನಿಯಲ್ಲಿ ಶಿಶುಪಾಲನಾ ಕೇಂದ್ರ ಇದೆಯೇ ಎಂದು ಒಪ್ಪುವ ಮೊದಲೇ ಕೇಳಿ. 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಅದು ಕಾನೂನಿನ ಅಗತ್ಯ, ಉಪಕಾರವಲ್ಲ.

ಸಂಗಾತಿಯನ್ನು ಕಳೆದುಕೊಂಡವರಿಗೆ, ಮಗುವಿನ ಬಗ್ಗೆ ಯಾವ ವ್ಯಾಜ್ಯವೂ ಇಲ್ಲದಿದ್ದರೆ, ಕೋರ್ಟಿನ ಈ ತಾಪತ್ರಯವಿಲ್ಲ. ಶಾಲೆ ಮತ್ತು ಮೀಸಲಾತಿಯ ಮಾತು ಅವರಿಗೂ ಅನ್ವಯಿಸುತ್ತದೆ.

ಅನುಮತಿಯ ಆದೇಶ ಅರ್ಜಿ ಹಾಕಿದ ವಾರಕ್ಕೇ ಬರುವುದಿಲ್ಲ. ನೋಟಿಸು, ಆಕ್ಷೇಪಣೆ, ವಾದ ಎಲ್ಲ ಆಗಬೇಕು. ಜೂನ್‌ಗೆ ಶಾಲೆ ಸೇರಿಸುವುದಾದರೆ ಜನವರಿಯಲ್ಲೇ ಶುರುಮಾಡಿ, ಕಂಪನಿಯಿಂದ ಕೆಲಸಕ್ಕೆ ಸೇರುವ ದಿನಾಂಕದ ವಿಸ್ತರಣೆಯನ್ನು ಬರಹದಲ್ಲಿ ಪಡೆಯಿರಿ. ವಕೀಲರ ಶುಲ್ಕ ಭಾರವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಆದಾಯ ಎಷ್ಟೇ ಇದ್ದರೂ ಮಹಿಳೆಯರು 1987ರ ಕಾಯ್ದೆಯಡಿ ಉಚಿತ ನೆರವಿಗೆ ಅರ್ಹರು. ಸಹಾಯವಾಣಿ 15100.