ಯಂತ್ರದ ಉಸಿರು, ದಾದಿಯ ಕಣ್ಣು

ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಂತಹ ಹಳ್ಳಿಯೊಂದರಲ್ಲಿ, ಮಳೆಗಾಲದ ರಾತ್ರಿ, ನೆಲದ ಮೇಲೆ ಮಲಗಿದ್ದ ನಾಲ್ಕು ವರ್ಷದ ಮಗುವಿಗೆ ಕಟ್ಟುಹಾವು ಕಚ್ಚಿತೆಂದು ಭಾವಿಸೋಣ. ಕಡಿತದ ನೋವು ಅತ್ಯಲ್ಪ. ಎಷ್ಟೋ ವೇಳೆ ಗುರುತೂ ಕಾಣದು. ಬೆಳಗಾಗುವಷ್ಟರಲ್ಲಿ ರೆಪ್ಪೆಗಳು ಜೋಲುತ್ತವೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೂ ಸೋಲುತ್ತವೆ. ನರಗಳಿಂದ ಸ್ನಾಯುಗಳಿಗೆ ಹೋಗುವ ಆಜ್ಞೆಯನ್ನು ವಿಷವು ತಡೆಯುವುದೇ ಇದಕ್ಕೆ ಕಾರಣ. ಆದರೆ ಈ ತಡೆ ಶಾಶ್ವತವಲ್ಲ. ಮಗುವನ್ನು ಸಕಾಲದಲ್ಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂತಹ ಕಡೆಗೆ ತಲುಪಿಸಿ, ಪ್ರತಿವಿಷವನ್ನು ಕೊಟ್ಟು, ಕೆಲವು ದಿನ ಯಂತ್ರದಿಂದ ಉಸಿರಾಡಿಸಿದರೆ ಅದು ಎದ್ದು ನಡೆದಾಡಬಲ್ಲುದು.

ಈ ಕ್ರಮದ ಮೂಲವನ್ನು ಅರಿಯಲು ನಾವು ಡೆನ್ಮಾರ್ಕಿನತ್ತ ನೋಡಬೇಕು. 1952ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿದಾಗ, ಡಾ. ಬ್ಯೋರ್ನ್ ಇಬ್ಸೆನ್ ಎಂಬುವರು ಹನ್ನೆರಡು ವರ್ಷದ ಬಾಲಕಿಯೊಬ್ಬಳ ಶ್ವಾಸನಾಳಕ್ಕೆ ಕೊಳವೆಯಿರಿಸಿ, ರಬ್ಬರ್ ಚೀಲದಿಂದ ಗಾಳಿಯನ್ನೊತ್ತಿ ಬದುಕಿಸಿದರು. ಬಳಿಕ ಸುಮಾರು 1,500 ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳೂ ಚೀಲವನ್ನೊತ್ತಿದರು. ಇಂದು ಆ ಕೈಗಳ ಕೆಲಸವನ್ನು ಯಂತ್ರ ಮಾಡುತ್ತದೆ. ಕಣ್ಣಿನ ಕೆಲಸ ಮಾತ್ರ ದಾದಿಯದಾಗಿಯೇ ಉಳಿದಿದೆ.

ಮಕ್ಕಳ ವಿಷಯದಲ್ಲಿ ಪ್ರತ್ಯೇಕ ಶಿಕ್ಷಣವೇಕೆ? ನಾಲ್ಕು ವರ್ಷದ ಮಗುವಿಗೆ ಇಡುವ ಕೊಳವೆಯ ಒಳವ್ಯಾಸ ಸುಮಾರು 5 ಮಿಲಿಮೀಟರ್. ವಯಸ್ಕರದು ಸುಮಾರು 8. ಗಾಳಿ ಸಮವಾಗಿ ಹರಿಯುವಾಗ, ಕೊಳವೆಯ ಅಡ್ಡಿ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ಒಳಸುತ್ತಿಗೂ 1 ಮಿಲಿಮೀಟರ್ ಕಫ ಅಂಟಿದರೆ ವಯಸ್ಕರಲ್ಲಿ ಅಡ್ಡಿ ಸುಮಾರು ಮೂರರಷ್ಟಾಗುತ್ತದೆ. ಮಗುವಿನಲ್ಲಿ ಹೆಚ್ಚುಕಡಿಮೆ ಎಂಟರಷ್ಟು! ಮೇಲಾಗಿ, 16 ಕಿಲೋಗ್ರಾಂ ತೂಕದ ಮಗುವಿಗೆ ಒಂದು ಉಸಿರಿಗೆ ಬೇಕಾದ ಗಾಳಿ 100ರಿಂದ 130 ಮಿಲಿಲೀಟರ್ ಮಾತ್ರ. ಹೆಚ್ಚಾದರೆ ಎಳೆಯ ಶ್ವಾಸಕೋಶಕ್ಕೆ ಹಾನಿ, ಕಡಮೆಯಾದರೆ ಆಮ್ಲಜನಕದ ಕೊರತೆ.

ಆದುದರಿಂದ ದಾದಿಯು ಮೊದಲು ಬೊಂಬೆಯ ಮೇಲೆ ಅಭ್ಯಾಸ ಮಾಡುತ್ತಾಳೆ. ಯಂತ್ರದ ಗಂಟೆ ಬಾರಿಸಿದೊಡನೆ ಅವಳು ನೋಡಬೇಕಾದುದು ಯಂತ್ರವನ್ನಲ್ಲ, ಮಗುವನ್ನು: ಎದೆ ಎರಡೂ ಕಡೆ ಸಮನಾಗಿ ಏಳುತ್ತಿದೆಯೇ? ತುಟಿಯ ಬಣ್ಣ ಹೇಗಿದೆ? ಅನಂತರ ನಾಲ್ಕು ಪ್ರಶ್ನೆಗಳು. ಕೊಳವೆ ಜಾರಿದೆಯೇ? ಕಟ್ಟಿಕೊಂಡಿದೆಯೇ? ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿದೆಯೇ? ಯಂತ್ರವೇ ಕೆಟ್ಟಿದೆಯೇ? ಮಗುವಿನ ಸ್ಥಿತಿ ಇಳಿಯುತ್ತಿದ್ದರೆ ವೈದ್ಯರನ್ನು ಕೂಗಿ, ಯಂತ್ರವನ್ನು ಬಿಡಿಸಿ, ಕೈಚೀಲದಿಂದ ಉಸಿರು ಕೊಡಬೇಕು. ಕಫವನ್ನು ಹೀರುವಾಗಲೂ ಕೆಲವೇ ಸೆಕೆಂಡುಗಳಲ್ಲಿ ಮುಗಿಸಬೇಕು. ಆ ಹೊತ್ತಿನಲ್ಲಿ ಮಗುವಿಗೆ ಗಾಳಿ ಕಡಮೆ.

ಕೊನೆಯ ಪಾಠ ಬೊಂಬೆಯಿಂದ ಬಾರದು. ಕಟ್ಟುಹಾವಿನ ವಿಷವೇರಿದ ಮಗು ಕಣ್ಣು ತೆರೆಯಲಾರದು, ಬೆರಳನ್ನೂ ಅಲುಗಿಸಲಾರದು. ನೋಡಿದವರು ಪ್ರಾಣವೇ ಹೋಯಿತೆನ್ನಬಹುದು. ಆದರೆ ಅದಕ್ಕೆ ಎಚ್ಚರವಿರಬಹುದು, ಎಲ್ಲವೂ ಕೇಳಿಸುತ್ತಿರಬಹುದು. ಅದರ ಬಳಿ ನಿರಾಶೆಯ ಮಾತು ಸಲ್ಲದು. ಸೂಜಿ ಚುಚ್ಚುವ ಮುನ್ನ ಹೆಸರು ಹಿಡಿದು ಕರೆದು, "ಹೆದರಬೇಡ, ಅಮ್ಮ ಇಲ್ಲಿಯೇ ಇದ್ದಾಳೆ" ಎಂದು ಹೇಳುವುದೂ ಶುಶ್ರೂಷೆಯೇ.