ಗುಂಡುಕಲ್ಲಿನಿಂದ ಕರಿಕಲ್ಲಿಗೆ

ದಖ್ಖನ್ ಎಂದರೆ ಲಾವಾ ಹೆಪ್ಪುಗಟ್ಟಿದ ಕರಿಕಲ್ಲು ಎಂದು ಶಾಲೆಯಲ್ಲಿ ಓದಿ ಯಾದಗಿರಿ ಬಳಿಯ ಅಬ್ಬೆತುಮಕೂರಿಗೆ ಬಂದವರಿಗೆ ಗೊಂದಲವಾದೀತು. ವಿಶ್ವಾರಾಧ್ಯರ ಮಠದ ಈ ಸೀಮೆಯಲ್ಲಿ ಎದ್ದು ಕಾಣುವುದು ಗ್ರಾನೈಟ್ ಗುಂಡುಗಳು. ಕರಿಕಲ್ಲಿನ ನಾಡು ಶುರುವಾಗುವುದು ಉತ್ತರಕ್ಕೆ, ಕಲಬುರಗಿ ಕಡೆಗೆ.

ಯಾದಗಿರಿಯಲ್ಲಿ ಕಲಬುರಗಿ ರೈಲು ಹತ್ತಿ ಕಿಟಕಿ ಪಕ್ಕ ಕೂರಿ. ಮೊದಲು ಗ್ರಾನೈಟ್, ಸುಮಾರು 250 ಕೋಟಿ ವರ್ಷದ್ದು. ವಾಡಿ, ಶಹಾಬಾದ್ ಬರುವ ಹೊತ್ತಿಗೆ ಹಳೆಯ ಸಮುದ್ರದ ತಳದಲ್ಲಿ ಕೂತ ಸುಣ್ಣಕಲ್ಲು. ನಮ್ಮ ಮನೆಗಳ ಹಾಸುಬಂಡೆ, ವಾಡಿಯ ಸಿಮೆಂಟು ಎರಡೂ ಅದರದೇ. ಕಲಬುರಗಿಯಲ್ಲಿ ಕರಿಕಲ್ಲು, ಸುಮಾರು 6.6 ಕೋಟಿ ವರ್ಷದ್ದು. ಅಡಿಯಲ್ಲಿ ಗ್ರಾನೈಟ್, ಅದರ ಮೇಲೆ ಸುಣ್ಣಕಲ್ಲು, ಎಲ್ಲಕ್ಕೂ ಮೇಲೆ ಲಾವಾ. ಉತ್ತರಕ್ಕೆ ಹೋದಷ್ಟೂ ಮೇಲಿನ ಪದರಕ್ಕೆ ಬರುತ್ತೇವೆ.

ಕಲ್ಲನ್ನು ಗುರುತಿಸುವುದು ಕಷ್ಟವಲ್ಲ. ಗ್ರಾನೈಟ್ ಭೂಮಿಯ ಆಳದಲ್ಲಿ ನಿಧಾನ ಆರಿದ್ದು, ಹಾಗಾಗಿ ಹರಳುಗಳು ದಪ್ಪ: ಗುಲಾಬಿ ಅಥವಾ ಬಿಳಿ ಫೆಲ್ಡ್‌ಸ್ಪಾರ್, ಗಾಜಿನಂಥ ಸ್ಫಟಿಕ, ಕಪ್ಪು ಅಭ್ರಕ. ಲಾವಾ ಗಾಳಿಗೆ ಸಿಕ್ಕು ಬೇಗ ಆರಿತು. ಹರಳು ಕಣ್ಣಿಗೆ ಕಾಣದಷ್ಟು ಸಣ್ಣ, ಅಲ್ಲಲ್ಲಿ ಅನಿಲದ ಗುಳ್ಳೆಯ ತೂತು. ಅದು ಪದರ ಪದರವಾಗಿ ಹರಿದದ್ದರಿಂದ ಅಲ್ಲಿನ ಗುಡ್ಡಗಳಿಗೆ ಚಪ್ಪಟೆ ತಲೆ, ಮೆಟ್ಟಿಲಿನಂಥ ಇಳಿಜಾರು. ಕಲ್ಲು ನೋಡಲು ಪುರುಸೊತ್ತಿಲ್ಲದಿದ್ದರೆ ಹೊಲ ನೋಡಿ. ಕರಿಕಲ್ಲು ಸವೆದು ಮಣ್ಣಾದಲ್ಲಿ ಕಪ್ಪು ಎರಿ ಭೂಮಿ, ಗ್ರಾನೈಟ್ ಪುಡಿಯಾದಲ್ಲಿ ಕೆಂಪು ಮಸಾರಿ.

ಯಾದಗಿರಿ ಕಡೆಯೂ ಒಮ್ಮೊಮ್ಮೆ ಗ್ರಾನೈಟಿನ ನಡುವೆ ಕಪ್ಪು ಪಟ್ಟೆ ಸಿಗುತ್ತದೆ. ಅದು ಬಿರುಕಿನೊಳಗೆ ನುಗ್ಗಿ ಗಟ್ಟಿಯಾದ ಡಾಲರೈಟ್. ಕಲಬುರಗಿಯ ಲಾವಾಕ್ಕೂ ಅದಕ್ಕೂ ಸಂಬಂಧವಿಲ್ಲ. ಇದು ಎಷ್ಟೋ ಹಳೆಯದು.

ಗುಂಡುಗಳು ದುಂಡಗಾದದ್ದು ಹೇಗೆ? ಬಂಡೆ ಚೌಕ ಚೌಕವಾಗಿ ಸೀಳುತ್ತದೆ, ಸೀಳಿನಲ್ಲಿ ನೀರು ಇಳಿಯುತ್ತದೆ. ಮೂಲೆಗೆ ಎರಡು ಮೂರು ಕಡೆಯಿಂದ ಪೆಟ್ಟು, ಆದ್ದರಿಂದ ಅದೇ ಮೊದಲು ಸವೆಯುತ್ತದೆ. ಮೇಲಿನ ಹೊಪ್ಪಳಿಕೆ ಈರುಳ್ಳಿ ಸಿಪ್ಪೆಯಂತೆ ಕಳಚುತ್ತದೆ. ಶಹಾಪುರದಲ್ಲಿ ಜನ ರಸ್ತೆ ಪಕ್ಕ ಗಾಡಿ ನಿಲ್ಲಿಸಿ ನೋಡುವ ‘ಮಲಗಿದ ಬುದ್ಧ’ನನ್ನೂ ಯಾವ ಶಿಲ್ಪಿಯೂ ಕೆತ್ತಿಲ್ಲ, ಇದೇ ಸವೆತದ ಕೆಲಸ.

ಗುಡ್ಡ ಹತ್ತುವ ಖುಷಿ ನಮ್ಮವರಿಗೆ ಟ್ರೆಕ್ಕಿಂಗ್ ಎಂಬ ಹೆಸರು ಬರುವ ಮೊದಲೇ ಗೊತ್ತಿತ್ತು. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಗುಡ್ಡದಲ್ಲಿ ಸೇರುವ ಜನರೇ ಸಾಕ್ಷಿ. ಹೊಸಬರು ಯಾದಗಿರಿ ಕೋಟೆಯಿಂದ ಶುರು ಮಾಡುವುದು ಮೇಲು. ಚಳಿಗಾಲದ ಬೆಳಗ್ಗೆ, ನೀರು ಕಟ್ಟಿಕೊಂಡು ಹತ್ತಿ. ಬೇಸಿಗೆಯ ಮಧ್ಯಾಹ್ನ ಬಂಡೆ ಮುಟ್ಟಲಾಗದಷ್ಟು ಕಾಯುತ್ತದೆ. ತಟ್ಟಿದರೆ ಟೊಳ್ಳು ಸದ್ದು ಬರುವ ಹೊಪ್ಪಳಿಕೆಯ ಮೇಲೆ ಮಾತ್ರ ಕಾಲಿಡಬೇಡಿ.